ಇಪ್ಪತ್ತು ನಿಮಿಷದ ಸೈನ್ಯ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿ ಪುಟ್ಟ ಸೈನ್ಯವೊಂದು ಮಲಗಿದೆ. ನವರಾತ್ರಿಯ ಗೊಂಬೆ ಹಬ್ಬಕ್ಕೆಂದು ಅಜ್ಜಿಯರ ಕಾಲದಲ್ಲಿ ಕೊಂಡ ಜಂಬೂಸವಾರಿಯ ಸಾಲು ಅದು: ಅಂಬಾರಿ ಹೊತ್ತ ಆನೆ, ಕುದುರೆ ಸವಾರರು, ಕಾಲಾಳುಗಳು, ಕಹಳೆಯವರು. ಪೇಟದ ಕೆಂಪು ಮಾಸಿದೆ. ಕೆಲವರ ಮೀಸೆಯೇ ಅಳಿಸಿಹೋಗಿದೆ. ‘ಈ ವರ್ಷ ಬಣ್ಣ ಹಚ್ಚಬೇಕು’ ಎಂಬ ಮಾತು ಪ್ರತಿ ದಸರೆಗೂ ಕೇಳುತ್ತದೆ. ಪುರುಸೊತ್ತಿಲ್ಲವೆಂಬ ಉತ್ತರವೂ ಅಷ್ಟೇ ನಿಯತವಾಗಿ ಬರುತ್ತದೆ. ಕೊನೆಗೆ ಅಂಗಡಿಯಿಂದ ಹೊಸ ಸೆಟ್ಟು ಬಂದು, ಹಳೆಯದು ಇನ್ನಷ್ಟು ಒಳಕ್ಕೆ ಸರಿಯುತ್ತದೆ. ಮುಂದಿನ ಸಲ ಮನೆ ಬದಲಿಸುವಾಗ ಅದು ಕಸದ ಗಾಡಿಗೆ.

ಪುರುಸೊತ್ತಿಲ್ಲವೆಂಬುದು ಅರ್ಧ ಸತ್ಯ. ಇಡೀ ಒಂದು ಭಾನುವಾರ ಕೈಗೆ ಸಿಗಲೆಂದು ನಾವು ಕಾಯುತ್ತೇವೆ, ಅದು ಸಿಗುವುದಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಯುದ್ಧದಾಟಕ್ಕೆಂದು ಪುಟ್ಟ ಸೈನಿಕರಿಗೆ ಬಣ್ಣ ಹಚ್ಚುವ ಹವ್ಯಾಸಿಗಳ ದೊಡ್ಡ ಬಳಗವಿದೆ. ಎಚ್.ಜಿ. ವೆಲ್ಸ್‌ರಂತಹ ಲೇಖಕರೇ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದು ಆ ಆಟಕ್ಕೆ ನಿಯಮ ರೂಪಿಸಿದ್ದರು. ಇಂದಿನ ಸೈನಿಕನ ಎತ್ತರ ಸಾಮಾನ್ಯವಾಗಿ 28 ಮಿಲಿಮೀಟರ್ ಆಸುಪಾಸು. ಪಡೆಯೊಂದರಲ್ಲಿ ಹತ್ತಾರು ಮಂದಿ. ಉದ್ಯೋಗ, ಸಂಸಾರಗಳ ನಡುವೆ ಇದನ್ನು ಮುಗಿಸುವವರು ಹಿಡಿದಿರುವ ದಾರಿ ಸರಳ: ದಿನಕ್ಕೆ ಸ್ವಲ್ಪ ಹೊತ್ತು, ಆದರೆ ದಿನವೂ.

ಬಣ್ಣದ ಸ್ವಭಾವವೂ ಇದನ್ನೇ ಬೇಡುತ್ತದೆ. ತೆಳುವಾದ ಒಂದು ಲೇಪ ಒಣಗುವ ಮುನ್ನ ಇನ್ನೊಂದನ್ನು ಹಚ್ಚಿದರೆ ಎರಡೂ ಕೆಡುತ್ತವೆ. ಎನಾಮೆಲ್ ಆದರಂತೂ ರಾತ್ರಿಯಿಡೀ ಕಾಯಬೇಕು. ಇಂದು ಎಲ್ಲ ಪೇಟಗಳಿಗೆ ಕೆಂಪು, ನಾಳೆ ಎಲ್ಲ ಅಂಗಿಗಳಿಗೆ ಬಿಳಿ, ನಾಡಿದ್ದು ಕುದುರೆಗಳ ಕಂದು. ಹೀಗೆ ಸಾಗಿದರೆ ಕಾಯುವ ಹೊತ್ತೆಲ್ಲ ನಾವು ಕಚೇರಿಯಲ್ಲಿರುತ್ತೇವೆ. ಕಣ್ಣು ಕೊನೆಗೆ. ನಮ್ಮ ಶಿಲ್ಪಿಗಳ ನೇತ್ರೋನ್ಮೀಲನದ ಕ್ರಮವೂ ಅದೇ ಅಲ್ಲವೇ? ನಾಲ್ಕು ಗಂಟೆ ದುಡಿದು ದಣಿದ ಕೈಗೆ ಕಣ್ಣು ಬರೆಯಲಾಗದು.

ಲೆಕ್ಕ ಹಾಕಿ ನೋಡಿ. ಶ್ರಾವಣದ ಪಾಡ್ಯದಿಂದ ಮಹಾಲಯ ಅಮಾವಾಸ್ಯೆಗೆ ಸುಮಾರು 59 ದಿನ. ದಿನಕ್ಕೆ 20 ನಿಮಿಷದಂತೆ ಹತ್ತಿರಹತ್ತಿರ 20 ಗಂಟೆ. ಮೂವತ್ತು ಗೊಂಬೆಗಳಿದ್ದರೆ ಒಂದೊಂದಕ್ಕೆ ಸುಮಾರು 40 ನಿಮಿಷ. ಗೌರಿ-ಗಣೇಶ ಹಬ್ಬದ ನೆಂಟರು ನಾಲ್ಕು ದಿನ ನುಂಗಿದರೂ ಚಿಂತೆಯಿಲ್ಲ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ ಉಳಿತಾಯವಾದ ಸಮಯವನ್ನು ಮೊಬೈಲ್ ಪರದೆಗೆ ಅರ್ಪಿಸಿದವರಿಗೆ ಈ ಇಪ್ಪತ್ತು ನಿಮಿಷ ಭಾರವಾಗಬಾರದು. ಲೇತು, ಅರಗಳ ಸದ್ದಿನ ನಡುವೆ ಬೆಳೆದ ರಾಜಾಜಿನಗರದ ಮಕ್ಕಳಿಗೆ ಇಂದು ಕೈಗೆಲಸವೆಂದರೆ ಶಾಲೆಯ ಪ್ರಾಜೆಕ್ಟು ಮಾತ್ರ, ಅದನ್ನೂ ಅಂಗಡಿಯವರೇ ಮಾಡಿಕೊಡುತ್ತಾರೆ. ಒಂದು ಕುಂಚ ಅವರ ಕೈಗೂ ಕೊಡಬಹುದು.

ಒಂದು ಎಚ್ಚರ: ಸುಡದ ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಒಣ ಕುಂಚದಿಂದ ಧೂಳು ಕೊಡವಿದರೆ ಸಾಕು. ಪಟ್ಟದ ಗೊಂಬೆ, ಹಳೆಯ ಕಿನ್ನಾಳದ ಗೊಂಬೆಗಳ ಮೂಲ ಬಣ್ಣದ ತಂಟೆಗಂತೂ ಹೋಗಲೇಬಾರದು.

ಮನೆಯವರಿಂದ ಬೇಕಾದ ಸಹಕಾರ ಒಂದೇ. ಕಿಟಕಿಯ ಬಳಿಯ ಮೇಜಿನ ಒಂದು ಮೂಲೆಯನ್ನು ಎರಡು ತಿಂಗಳು ಯಾರೂ ಖಾಲಿ ಮಾಡಿಸದಿರಲಿ. ಕುಂಚ, ನೀರಿನ ಲೋಟ, ಅರ್ಧ ಬಣ್ಣ ಕಂಡ ಕಾಲಾಳುಗಳನ್ನು ದಿನವೂ ತೆಗೆದು ಒಳಗಿಡಬೇಕಾದರೆ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತದೆ.