ಮನೆಯಲ್ಲಿ ಇ-ಲಿಕ್ವಿಡ್ ತಯಾರಿಸಿ ಮಾಗಿಸುವುದು: ಒಂದು ಅವಲೋಕನ

(ಸಾರ್ವಜನಿಕರ ಮಾಹಿತಿಗಾಗಿ)

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳಲ್ಲಿ ಎಸೆನ್ಸ್, ಸುಗಂಧ ದ್ರವ್ಯ ಮುಂತಾದವುಗಳ ಸಣ್ಣ ಉದ್ದಿಮೆಗೆ ಪರವಾನಗಿ ಕೋರುವ ನಾಗರಿಕರ ತಿಳಿವಳಿಕೆಗಾಗಿ ಈ ಟಿಪ್ಪಣಿಯನ್ನು ಪ್ರಕಟಿಸಲಾಗಿದೆ. ಎಲೆಕ್ಟ್ರಾನಿಕ್ ಸಿಗರೇಟಿನಲ್ಲಿ ಕಾಯಿಸಿ ಸೇದುವ ದ್ರಾವಣಕ್ಕೆ ಇ-ಲಿಕ್ವಿಡ್ ಎಂದು ಹೆಸರು. ಇದನ್ನು ಮನೆಯಲ್ಲಿಯೇ ಬೆರೆಸಿ, ರುಚಿ ಕೂಡಿಬರಲೆಂದು ವಾರಗಟ್ಟಲೆ ಕತ್ತಲಲ್ಲಿಟ್ಟು ಮಾಗಿಸುವ ಪದ್ಧತಿಯು ಹೊರದೇಶಗಳ ಹವ್ಯಾಸಿಗಳಲ್ಲಿದೆ. ಅಂತರ್ಜಾಲದ ಮೂಲಕ ಇಲ್ಲಿನ ಯುವಕರಿಗೂ ಅದು ತಲುಪುವುದು ಕಷ್ಟವೇನಲ್ಲ. ಸೇದುವುದಕ್ಕೆ ಶಿಕ್ಷೆಯಿಲ್ಲ, ಹಾಗಾಗಿ ಮನೆಮಟ್ಟಿಗೆ ತಯಾರಿಸುವುದಕ್ಕೂ ಇಲ್ಲ ಎಂಬ ಗ್ರಹಿಕೆಯಲ್ಲಿ ಮೊದಲರ್ಧ ಮಾತ್ರ ಸರಿಯಾಗಿದೆ.

ಇರಿಸಿದಷ್ಟೂ ಉತ್ತಮ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಹೊಸತಲ್ಲ. ಸಿರುಗುಪ್ಪದ ಹಳೆಯ ಅಕ್ಕಿಗೆ ಹೊಸದಕ್ಕಿಂತ ಹೆಚ್ಚು ಬೆಲೆ. ಅನ್ನ ಉದುರುದುರಾಗಿ ಒದಗುತ್ತದೆ. ಆದರೆ ಕುರುಗೋಡಿನ ಬೆಳೆಗಾರರು ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿಡುವುದು ಮಾಗಲೆಂದಲ್ಲ, ಬಣ್ಣ ಕೆಡದಿರಲೆಂದು. ಇ-ಲಿಕ್ವಿಡ್‌ನ ಸ್ಥಿತಿ ಈ ಎರಡನೆಯದಕ್ಕೆ ಹತ್ತಿರವಾದುದು. ಅದರಲ್ಲಿರುವ ಗ್ಲಿಸರಿನ್ ಮಂದವಾದ ಕಾರಣ ಎಸೆನ್ಸ್ ನಿಧಾನವಾಗಿ ಬೆರೆಯುತ್ತದೆ, ಘಾಟು ಸ್ವಲ್ಪ ಆರಿಹೋಗುತ್ತದೆ ಎಂಬುದು ನಿಜ. ಆದರೆ ಮಾಗಿದ ಗುರುತೆಂದು ಹವ್ಯಾಸಿಗಳು ಮೆಚ್ಚುವ ಕಂದುಬಣ್ಣಕ್ಕೆ ಬಹುಮಟ್ಟಿಗೆ ಕಾರಣ, ನಿಕೋಟಿನ್ ಗಾಳಿ ಬೆಳಕುಗಳಿಗೆ ಸಿಕ್ಕಿ ಉತ್ಕರ್ಷಣಗೊಳ್ಳುವುದು. ವೆನಿಲ್ಲಾ, ದಾಲ್ಚಿನ್ನಿ ಮುಂತಾದ ಪರಿಮಳ ನೀಡುವ ಆಲ್ಡಿಹೈಡ್‌ಗಳು ಸೀಸೆಯೊಳಗೇ ಪ್ರಾಪಿಲೀನ್ ಗ್ಲೈಕಾಲ್‌ನೊಡನೆ ವರ್ತಿಸಿ ಅಸಿಟಾಲ್‌ಗಳೆಂಬ ಬೇರೆ ಪದಾರ್ಥಗಳಾಗುತ್ತವೆ, ಅವು ಆವಿಯಲ್ಲಿಯೂ ಸೇರಿ ಶ್ವಾಸನಾಳವನ್ನು ಕೆರಳಿಸಬಲ್ಲವು ಎಂದು 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರನ್ನೊಳಗೊಂಡ ತಂಡವು ಪ್ರಕಟಿಸಿತು. ನಲವತ್ತು ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ ಇಂತಹ ಬದಲಾವಣೆಗಳು ತ್ವರಿತಗೊಳ್ಳುತ್ತವೆಯೇ ಹೊರತು ಕುಂಠಿತಗೊಳ್ಳುವುದಿಲ್ಲ.

ಬಳಸುವ ಎಸೆನ್ಸ್ ಆಹಾರ ದರ್ಜೆಯದು ಎಂಬ ಸಮಾಧಾನವೂ ಇಲ್ಲಿ ಸಲ್ಲುವುದಿಲ್ಲ. ಆ ದರ್ಜೆಯನ್ನು ನಿಗದಿಪಡಿಸಿರುವುದು ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. ಬೆಣ್ಣೆಯ ಪರಿಮಳ ನೀಡುವ ಡಯಾಸಿಟೈಲ್ ತಿನ್ನಲು ಅನುಮತಿಯುಳ್ಳ ಪದಾರ್ಥವಾಗಿದ್ದರೂ, ಅದರ ಆವಿಯನ್ನು ಉಸಿರಾಡಿದ ಮಿಸೌರಿ ರಾಜ್ಯದ ಪಾಪ್‌ಕಾರ್ನ್ ಕಾರ್ಖಾನೆಯೊಂದರ ಕಾರ್ಮಿಕರಲ್ಲಿ ಗುಣವಾಗದ ಶ್ವಾಸಕೋಶದ ಕಾಯಿಲೆ 2000ನೇ ಇಸವಿಯಲ್ಲಿ ಬೆಳಕಿಗೆ ಬಂದಿತು.

ಇನ್ನು ಕಾನೂನಿನ ವಿಚಾರ. ಕರ್ನಾಟಕ ಸರ್ಕಾರವು 2016ರ ಜೂನ್‌ನಲ್ಲಿಯೇ ಇ-ಸಿಗರೇಟುಗಳನ್ನು ನಿಷೇಧಿಸಿತ್ತು. ಕೇಂದ್ರ ಸರ್ಕಾರವು 18.09.2019ರಂದು ಸುಗ್ರೀವಾಜ್ಞೆ ಹೊರಡಿಸಿದ್ದು, ನಂತರ ಅದೇ ವರ್ಷ ಅದು ಅಧಿನಿಯಮವಾಯಿತು (2019ರ ಅಧಿನಿಯಮ ಸಂಖ್ಯೆ 42). ದ್ರಾವಣದಲ್ಲಿ ನಿಕೋಟಿನ್ ಇರಲಿ ಇಲ್ಲದಿರಲಿ, ನಿಷೇಧ ಅನ್ವಯಿಸುತ್ತದೆ. ಇಡೀ ಸಾಧನವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಉತ್ಪಾದಿಸುವುದು, ಸಾಗಿಸುವುದು, ಮಾರುವುದು, ಜಾಹೀರಾತು ನೀಡುವುದು ಮೊದಲ ಬಾರಿಗೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂ.ಗಳವರೆಗೆ ದಂಡ ಅಥವಾ ಎರಡಕ್ಕೂ ಗುರಿಪಡಿಸುವ ಅಪರಾಧ. ಪುನರಾವರ್ತಿಸಿದಲ್ಲಿ ಮೂರು ವರ್ಷ ಮತ್ತು ಐದು ಲಕ್ಷ ರೂ.ಗಳವರೆಗೆ. ತಿಳಿದೂ ದಾಸ್ತಾನಿಗೆ ಜಾಗ ಕೊಟ್ಟವರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಐವತ್ತು ಸಾವಿರ ರೂ.ಗಳವರೆಗೆ ದಂಡ ಅಥವಾ ಎರಡೂ.

ಮಾಗಿಸುವುದೆಂದರೆ ಏನೆಂದು ಇಲ್ಲಿ ವಿಚಾರಿಸತಕ್ಕದ್ದು. ವಾಣಿಜ್ಯ ಲೆಕ್ಕಶಾಸ್ತ್ರದ ರೀತ್ಯಾ ಕಪಾಟಿನಲ್ಲಿ ಮೂರು ವಾರ ಕುಳಿತ ಸೀಸೆಯು ಅರೆಸಿದ್ಧ ಸರಕು: ಅದು ದಾಸ್ತಾನೂ ಹೌದು, ಮುಗಿಯದ ಉತ್ಪಾದನೆಯೂ ಹೌದು. ಬರಿಯ ದ್ರಾವಣವು ಸಾಧನದ ‘ಭಾಗ’ವೇ ಎಂಬುದನ್ನು ಅಂತಿಮವಾಗಿ ಹೇಳಬೇಕಾದುದು ನ್ಯಾಯಾಲಯ. ಆದರೆ ಬೇರಾವ ಉಪಯೋಗವೂ ಇಲ್ಲದ ದ್ರಾವಣದ ಇಪ್ಪತ್ತು ಸೀಸೆಗಳನ್ನು ಸ್ವಂತಕ್ಕೆಂದು ಸಮರ್ಥಿಸುವುದು ಸುಲಭವಲ್ಲ. ಗೆಳೆಯರಿಗೆ ಎರಡು ಹಂಚಿದರಂತೂ ಆ ಸಮರ್ಥನೆಯೇ ಉಳಿಯುವುದಿಲ್ಲ. ಬಾಡಿಗೆಗೆ ಕೊಠಡಿ ನೀಡುವವರು ಸಹ ಇದನ್ನು ಗಮನಿಸುವುದು. ಆಹಾರ ಸುರಕ್ಷತಾ ನೋಂದಣಿಯಾಗಲಿ, ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿಯಾಗಲಿ ಈ ಕಾರ್ಯಕ್ಕೆ ರಕ್ಷಣೆ ಒದಗಿಸುವುದಿಲ್ಲ. ಅರ್ಜಿಯಲ್ಲಿ ‘ಸುವಾಸನಾ ದ್ರವ್ಯ’ ಎಂದು ನಮೂದಿಸಿ ಪಡೆದ ಪರವಾನಗಿಯು ರಕ್ಷಿಸುವುದಿರಲಿ, ಸುಳ್ಳು ಮಾಹಿತಿಯ ದೋಷವನ್ನೂ ಸೇರಿಸುತ್ತದೆ. ಮಧ್ಯವರ್ತಿಗಳಿಗೆ ಹಣ ತೆತ್ತು ಇಂತಹ ಅರ್ಜಿ ಸಲ್ಲಿಸಬಾರದೆಂದು ಕೋರಲಾಗಿದೆ.

ಎಲ್ಲಕ್ಕಿಂತ ಗಂಭೀರವಾದುದು ಮನೆಯ ಮಕ್ಕಳ ಪ್ರಶ್ನೆ. ಕರ್ನಾಟಕ ವಿಷಪದಾರ್ಥಗಳ ನಿಯಮಗಳು 2015ರಡಿ ನಿಕೋಟಿನ್ ‘ಎ’ ವರ್ಗದ ವಿಷ. ಮಿಲಿಲೀಟರಿಗೆ 100 ಮಿಲಿಗ್ರಾಂ ಸಾಂದ್ರತೆಯ 10 ಮಿಲಿಲೀಟರ್ ಸೀಸೆಯಲ್ಲಿ 1,000 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ವಯಸ್ಕರ ಪ್ರಾಣಕ್ಕೂ ಅದು ಅಪಾಯಕರ. ಅದು ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಸೀಮೆಎಣ್ಣೆಯನ್ನು ನೀರೆಂದು ಕುಡಿದ ಮಕ್ಕಳ ಪ್ರಕರಣಗಳು ನಮಗೆ ಹೊಸತಲ್ಲ. ಸೀಮೆಎಣ್ಣೆಗೆ ಕನಿಷ್ಠ ಪಕ್ಷ ದುರ್ವಾಸನೆಯಿರುತ್ತದೆ. ವಾರಗಟ್ಟಲೆ ಕಪಾಟಿನಲ್ಲಿಡುವ ಈ ಸೀಸೆಗೆ ಮಾವಿನಹಣ್ಣಿನ ಅಥವಾ ಮಿಠಾಯಿಯ ಪರಿಮಳ.

ಮಗು ದ್ರಾವಣವನ್ನು ಕುಡಿದಲ್ಲಿ ಬಲವಂತವಾಗಿ ವಾಂತಿ ಮಾಡಿಸದೆ, 108ಕ್ಕೆ ಕರೆಮಾಡಿ ಕೂಡಲೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತರುವುದು. ಸೀಸೆಯನ್ನೂ ಜೊತೆಗೆ ತರುವುದು. ಮೈಮೇಲೆ ಚೆಲ್ಲಿದಲ್ಲಿ ಬಟ್ಟೆ ತೆಗೆದು ಸಾಕಷ್ಟು ನೀರಿನಿಂದ ತೊಳೆಯುವುದು. ಈಗಾಗಲೇ ದಾಸ್ತಾನು ಹೊಂದಿರುವವರು ಅದನ್ನು ಚರಂಡಿಗೆ ಸುರಿಯದೆ, ಪಟ್ಟಿ ಸಹಿತ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕೃತ ಅಧಿಕಾರಿಯ ಕಚೇರಿಗೆ ಒಪ್ಪಿಸತಕ್ಕದ್ದು. ತಂಬಾಕು ಅಥವಾ ನಿಕೋಟಿನ್ ಚಟ ಬಿಡಬಯಸುವವರು ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆಮಾಡಬಹುದು.