ಹೊಸಾ ಜನರೇಷನ್ನೂ ನನ್ನ ಭಿಶಿ ರೊಕ್ಕಾನೂ

ಹ್ವಾದ ವರ್ಷ ಜುಲೈದಾಗ ನಮ್ಮ ಓಣಿ ಭಿಶಿ ನನ್ನ ಹೆಸರಿಗೆ ಬಂತು. ಹನ್ನೆರಡು ಮಂದಿ, ತಿಂಗಳಿಗೆ ಐದೈದು ಸಾವಿರ, ಅಂದ್ರ ಕೈಗೆ ಬಂದದ್ದು 60,000. ಭಿಶಿ ಹಾಕವ್ರಿಗೆಲ್ಲಾ ಗೊತ್ತದ, ಆ ರೊಕ್ಕ ಕೈಗೆ ಬರೂಕಿಂತ ಮೊದಲ ನಮ್ಮ ತಲ್ಯಾಗ ಖರ್ಚಾಗಿರ್ತದ. ನಂದೂ ಆಗಿತ್ತು. ನಮ್ಮ ಅತ್ತಿಯವ್ರಿಗೆ ಎಂಬತ್ನಾಲ್ಕು ವರ್ಷ. ಬಚ್ಚಲದಾಗ ಒಮ್ಮೆ ಕಾಲು ಜಾರಿ ಬಿದ್ದಿದ್ರು. ದೇವರ ದಯಾ, ಎಲುಬು ಮುರೀಲಿಲ್ಲ, ಮೊಣಕೈ ಅಷ್ಟ ತರಚಿತ್ತು. ಜಾರದಂಥಾ ಫರ್ಸಿ ಹಾಕಿಸಿ, ಗ್ವಾಡಿಗೆ ಹಿಡ್ಕೊಳ್ಳಿಕ್ಕೆ ಸ್ಟೀಲಿನ ರಾಡ್ ಬಡಿಸಿ, ಕುರ್ಚಿ ಹಂಗ ಕೂಡೂ ಕಮೋಡ್ ಹಾಕಿಸಬೇಕು ಅಂತ ಗೌಂಡಿ ಕಡೆ ಕೇಳಿ ಇಟ್ಟಿದ್ದೆ.

ಅದ ವಾರ ಮಗ ಬೆಂಗಳೂರಿಂದ ಬಂದ. ತಂದಿ-ಮಗ ಚಹಾ ಕುಡಕೋತ ಮಾತಾಡೂದು ಅಡಗಿಮನಿಗೆ ಕೇಳಸ್ತಿತ್ತು. "ಪಪ್ಪಾ, ಹೊಸಾ ಜನರೇಷನ್ ಪ್ರೊಸೆಸರ್ ಬಂದು ವರ್ಷ ಆಗ್ಲಿಕ್ಕೆ ಬಂತು. ನಮ್ಮದು ಇನ್ನೂ ಆರನೇ ಜನರೇಷನ್. ನಾಚಿಕಿ ಬರ್ತದ." ಇವರೂ "ಹೌದಪಾ, ತಗದ ಬಿಡೂಣು ಅದನ್ನ" ಅಂದ್ರು. ಆ ಕಂಪ್ಯೂಟರ್ ಮುಂದ ದಿನಾ ಕೂಡಾಕಿ ಯಾರು? ನಾ. ಬೇಕೋ ಬ್ಯಾಡೋ ಅಂತ ನನ್ನ ಒಂದು ಮಾತು ಕೇಳಲಿಲ್ಲ. ರೊಕ್ಕದ ವಿಷಯ ಬಂದಾಗ ಅಷ್ಟ "ಅವ್ವಾ" ಅನ್ಕೋತ ಅಡಗಿಮನಿಗೆ ಬಂದ.

ನಮ್ಮ ಕಂಪ್ಯೂಟರ್ 2016ರಾಗ ತಗೊಂಡಿದ್ದು, ಮಗ ಇಂಜಿನಿಯರಿಂಗ್ ಸೇರಿದಾಗ. ಇಂಟೆಲ್ ಐ-ಫೈವ್ 6500, ನಾಲ್ಕು ಕೋರಿನ ಪ್ರೊಸೆಸರ್. ಅಂವಾ ಕಲ್ತು ಹ್ವಾದ ಮ್ಯಾಲೆ ಅದು ನನ್ನ ಪಾಲಿಗೆ ಬಂತು. ಮನಿ ಲೆಕ್ಕ, ಚಟ್ನಿಪುಡಿ-ಮೆಂತೆಹಿಟ್ಟಿನ ಆರ್ಡರ್ ಪಟ್ಟಿ, ಭಜನಾ ಮಂಡಳಿ ಹಾಡು ಟೈಪ್ ಮಾಡೂದು, ಬ್ಯಾಂಕಿನ ಕೆಲಸ, ಹಳೇ ಫೋಟೋ ಸ್ಕ್ಯಾನ್ ಮಾಡಿ ಇಡೂದು, ಸಂಜಿಕ್ಕೆ ಮೊಮ್ಮಗಳ ಜೋಡಿ ವಿಡಿಯೋ ಕಾಲ್. ಇವರು ಅದರಾಗ ಚೆಸ್ ಆಡ್ತಾರ, ಶೇರ್ ಮಾರ್ಕೆಟ್ ನೋಡ್ತಾರ. ನೋಡ್ತಾರ ಅಷ್ಟ, ತಗೊಳ್ಳೂದಿಲ್ಲ, ಅದೂ ಒಂದು ಪುಣ್ಯಾ.

ಮಗ ಮೊದಲ ಹೇಳಿದ್ದು, "ಬರೇ ಇಪ್ಪತ್ತೊಂದು ಸಾವಿರ ಅವ್ವಾ, ಎಎಂಡಿ ರೈಜನ್ 9000 ಸೀರೀಸಿಂದು." ಬರೇ ಇಪ್ಪತ್ತೊಂದ ಆಗಿದ್ರ ನಾ ಹೂಂ ಅಂತಿದ್ದೆನೋ ಏನೋ. ಮರುದಿನ ಅಂಗಡಿಯಿಂದ ಕೊಟೇಷನ್ ತಂದ. ಪ್ರೊಸೆಸರ್ ಹಳೇ ಮದರ್‌ಬೋರ್ಡಿಗೆ ಕೂಡೂದಿಲ್ಲ, ಬೋರ್ಡ್ ಹೊಸಾದು, 14,000. ಆ ಬೋರ್ಡಿಗೆ ಡಿಡಿಆರ್5 ರ‍್ಯಾಮ್ ಅಷ್ಟ ನಡೀತದ, ನಮ್ಮ ಡಿಡಿಆರ್4 ನಡೆಯೂದಿಲ್ಲ, 9,000. ಆ ಪ್ರೊಸೆಸರ್ ಡಬ್ಬಿಯೊಳಗ ಫ್ಯಾನ್ ಕೊಡೂದಿಲ್ಲ, ಕೂಲರ್ ಬ್ಯಾರೆ. ಹಳೇ ಎಸ್‌ಎಂಪಿಎಸ್ ಮ್ಯಾಲೆ ಭರವಸಿ ಇಲ್ಲ, ಅದೂ ಒಂದು. ಹೊಸಾ ಡಿಸ್ಕು, ಹೊಸಾ ಕ್ಯಾಬಿನೆಟ್ಟು. ಒಟ್ಟಿಗೆ 60,500. ನನ್ನ ಭಿಶಿ ಲೆಕ್ಕ ಯಾರೋ ಅಂಗಡ್ಯಾಂವಗ ಮೊದಲ ಹೇಳಿಟ್ಟಂಗ ಇತ್ತು! ಹಳೇದ್ರಾಗ ಉಳಿಯೂದು ಮಾನಿಟರ್, ಕೀಬೋರ್ಡ್, ಮೌಸು. ಇದನ್ನ 'ಅಪ್‌ಗ್ರೇಡ್' ಅಂತ ಕರೀತಾರ. ಬಾಗಿಲಾ ಕಿಟಕಿ ಇಟ್ಟು ಮನಿ ಕಟ್ಟಿಸೂದಕ್ಕ ನಾವು ರಿಪೇರಿ ಅಂತೀವೇನ್ರಿ?

ನಾ ಆಗ ಒಂದ ಪ್ರಶ್ನಿ ಕೇಳಿದೆ, ಮತ್ತ ಇವತ್ತಿಗೂ ಅದ ನನ್ನ ಮಾತು. ನಮ್ಮ ಮನ್ಯಾಗ ಯಾವ ಕೆಲಸ ಈ ಪ್ರೊಸೆಸರ್ ಸಲುವಾಗಿ ಕಾಯ್ಲಿಕತ್ತದ? ಜನರೇಷನ್ ಅನ್ನೂದು ಕ್ಯಾಲೆಂಡರ್ ಇದ್ದಂಗ, ಅವ್ರು ಹೊಸಾದು ಹಾಕ್ತಿರ್ತಾರ. ನಮ್ಮ ಕೆಲಸ ಬದಲಾಗಿರದಿದ್ರ ನಾವ್ಯಾಕ ಬದಲಿ ಮಾಡಬೇಕು?

ಮಗ "ಸ್ಲೋ ಅದ ಅವ್ವಾ" ಅಂದ. ಸ್ಲೋ ಇತ್ತು, ಖರೆ. 2023ರ ತನಕ ನಾ ಬಟನ್ ಒತ್ತಿ, ಕುಕ್ಕರ್ ಇಟ್ಟು, ಎರಡು ಸೀಟಿ ಆದ ಮ್ಯಾಲೆ ಬಂದು ಕೂಡ್ತಿದ್ದೆ. ಆದ್ರ ಅದು ಪ್ರೊಸೆಸರಿನ ತಪ್ಪಲ್ಲ. ಒಳಗ ತಿರುಗೂ ಹಾರ್ಡ್‌ಡಿಸ್ಕ್ ಇತ್ತು, ತಿರುಗಿ ತಿರುಗಿ ಹುಡುಕಿ ತರೂದ್ರಾಗ ಪ್ರೊಸೆಸರ್ ಸುಮ್ನ ಕೂತಿರ್ತಿತ್ತು. ನಮ್ಮ ಅಕ್ಕನ ಮಗ ಬಂದಾಗ ಎಸ್‌ಎಸ್‌ಡಿ ಹಾಕಿಕೊಟ್ಟ, ಮೂರು ಸಾವಿರದ ಆಸುಪಾಸು ಆತು. 8 ಜಿಬಿ ರ‍್ಯಾಮ್ ಇತ್ತು, ಇನ್ನೊಂದು ಎಂಟರ ಪಟ್ಟಿ ಸೇರಿಸಿ 16 ಮಾಡಿದ. ಅವತ್ತಿಂದ ಕುಕ್ಕರ್ ಇಡೂದ್ರಾಗ ಕಂಪ್ಯೂಟರ್ ಚಾಲೂ ಆಗಿರ್ತದ. ಪ್ರೊಸೆಸರ್ ಅದ ಹಳೇದ.

ನಿಮ್ಮ ಮನ್ಯಾಗೂ ಈ ಮಾತು ಬಂದ್ರ ಒಂದು ಕೆಲಸ ಮಾಡ್ರಿ. ನಿಮಗ ಎಲ್ಲೆ ತ್ರಾಸ ಆಗ್ತದೋ ಆ ಕೆಲಸ ಮಾಡೂ ಹೊತ್ತಿನ್ಯಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೂಡಿ ಒತ್ರಿ. ಟಾಸ್ಕ್ ಮ್ಯಾನೇಜರ್ ಅಂತ ಒಂದು ಕಿಟಕಿ ತಗೀತದ. ಅದರಾಗ ಸಿಪಿಯು, ಮೆಮರಿ, ಡಿಸ್ಕ್ ಅಂತ ಮೂರು ಲೆಕ್ಕ ಕಾಣ್ತಾವ. ಡಿಸ್ಕ್ ನೂರಕ್ಕ ಮುಟ್ಟಿ ಅಲ್ಲೇ ನಿಂತಿದ್ರ ಎಸ್‌ಎಸ್‌ಡಿ ಬೇಕು. ಮೆಮರಿ ತುಂಬಿ ತುಳುಕ್ತಿದ್ರ ರ‍್ಯಾಮ್ ಬೇಕು. ಸಿಪಿಯು ಹೊತ್ತುಗಟ್ಲೆ ನೂರರಾಗ ಇದ್ರ, ಆಗ ಪ್ರೊಸೆಸರ್ ಮಾತಾಡ್ರಿ. ನಾ ಮಗನ್ನ ಬಾಜೂಕ ಕೂಡಿಸ್ಕೊಂಡು ನನ್ನ ಎಲ್ಲಾ ಕೆಲಸ ಮಾಡಿ ತೋರಿಸಿದೆ. ಪಟ್ಟಿ ಟೈಪ್ ಮಾಡೂ ಮುಂದ ಸಿಪಿಯು ಹತ್ತು ದಾಟಲಿಲ್ಲ. ವಿಡಿಯೋ ಕಾಲಿನ್ಯಾಗ ಸ್ವಲ್ಪ ಏರಿತು, ಇಳೀತು. ಅಂವಾ ಏನೂ ಮಾತಾಡಲಿಲ್ಲ. ಇವರು ಮಾತ್ರ "ಚೆಸ್ ಹಚ್ಚಿ ನೋಡು" ಅಂದ್ರು.

ಹಂಗಂತ ಹೊಸಾ ಪ್ರೊಸೆಸರ್ ಯಾರಿಗೂ ಬ್ಯಾಡ ಅನ್ನಾಕಿ ನಾ ಅಲ್ಲ. ನಮ್ಮ ಬಾಜೂ ಮನಿ ವೈನಿ ಮಗಳು ಆರ್ಕಿಟೆಕ್ಚರ್ ಓದ್ತಾಳ. ಕಟ್ಟಡದ ಚಿತ್ರಾನ ಫೋಟೋ ಹಂಗ ಮಾಡೂ ಕೆಲಸಕ್ಕ ರೆಂಡರ್ ಅಂತಾರ. ಅಕಿ ಹಳೇ ಮಷಿನ್ ಎರಡ ಕೋರಿಂದು. ರಾತ್ರಿ ರೆಂಡರ್ ಹಚ್ಚಿ ಮಲಗಿದ್ರ ಬೆಳಿಗ್ಗೆ ಕಾಲೇಜಿಗೆ ಹೋಗೂ ತನಕ ಮುಗೀತಿರಲಿಲ್ಲ, ನಡುವ ಕರೆಂಟ್ ಹ್ವಾದ್ರ ಮತ್ತ ಮೊದಲಿಂದ. ಅಳೂ ಹುಡುಗಿನ್ನ ನೋಡೇನಿ ನಾ. ಅಕಿಗೆ ಹನ್ನೆರಡು ಕೋರಿಂದು ತಗೊಂಡ್ರು. ಈಗ ಊಟ ಮಾಡಿ ಭಾಂಡಿ ತೊಳದಿಟ್ಟು ಬರೂದ್ರಾಗ ಮುಗದಿರ್ತದ. ಕೋರ್ ಅಂದ್ರ ಒಲಿ ಇದ್ದಂಗ ನೋಡ್ರಿ. ಲಗ್ನದ ಅಡಗಿಗೆ ಹನ್ನೆರಡು ಒಲಿ ಬೇಕು, ಒಂದ ಕಪ್ ಚಹಾಕ್ಕ ಹನ್ನೆರಡು ಒಲಿ ಹಚ್ಚಿದ್ರ ಲಗೂ ಕುದಿಯೂದಿಲ್ಲ. ವೈನಿ ಆ ಸಲುವಾಗಿ ಬಂಗಾರ ಇಟ್ಟು ರೊಕ್ಕ ತಂದ್ರು. ನಾ ಅದಕ್ಕ ಛೊಲೊ ಮಾಡಿದ್ರಿ ಅಂತನ ಅಂದೆ.

ಬಚ್ಚಲಮನಿ ಕೆಲಸ ಆಗಸ್ಟ್‌ದಾಗ ಮುಗೀತು. ಕಂಪ್ಯೂಟರ್ ಮಾತು ಮುಗೀತು ಅಂತ ನಾ ತಿಳ್ಕೊಂಡಿದ್ದೆ, ಮುಗದಿರಲಿಲ್ಲ.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ಕ್ಕ ಸಪೋರ್ಟ್ ಬಂದಾತು. ಅಂದ್ರ ಕಳ್ಳಗಿಂಡಿ ಮುಚ್ಚೂ ಸೆಕ್ಯುರಿಟಿ ಅಪ್‌ಡೇಟ್ ಬರೂದಿಲ್ಲ. ವಿಂಡೋಸ್ 11 ಹಾಕೂಣು ಅಂದ್ರ ಅದು ಇಂಟೆಲ್‌ದಾಗ ಎಂಟನೇ ಜನರೇಷನ್ನಿಂದ ಮ್ಯಾಲಿನ್ವು ಬೇಕಂತದ, ನಮ್ಮದು ಆರನೇದು. ನೋಡ್ರಿ, ಕೆಲಸಕ್ಕ ಸಾಕಾಗ್ತದ, ಗಟ್ಟಿ ಅದ, ಆದ್ರ ಲೆಕ್ಕದಾಗ ಇಲ್ಲ. ರಿಟೈರ್‌ಮೆಂಟ್ ಇದ್ದಂಗ ಆತು. ಇಲ್ಲೆ ನನ್ನ 'ಯಾವ ಕೆಲಸ ಕಾಯ್ಲಿಕತ್ತದ' ಅನ್ನೂ ಪ್ರಶ್ನಿ ಸಾಲಲಿಲ್ಲ, ಒಪ್ಕೋತೀನಿ. ಬ್ಯಾಂಕಿನ ಪಾಸ್‌ವರ್ಡ್ ಹೊಡಿಯೂ ಕಂಪ್ಯೂಟರಿಗೆ ಅಪ್‌ಡೇಟ್ ಇಲ್ಲ ಅಂದ್ರ ಅದು ಹರಕ ಸೆರಗಿನ್ಯಾಗ ರೊಕ್ಕ ಕಟ್ಟಿದಂಗ.

ಮಗ ಫೋನಿನ್ಯಾಗ ಒಂದು ಉಪಾಯ ಹೇಳಿದ. ಎಂಟನೇ ಜನರೇಷನ್ನಿನ ಐ-ಫೈವ್ ಸೆಕೆಂಡ್ ಹ್ಯಾಂಡ್ ಸಿಗ್ತದ, ನಮ್ಮ ಬೋರ್ಡೂ 1151 ಸಾಕೆಟ್, ಅದೂ 1151, ಬರೇ ತಗದು ಹಾಕೂದು. ನಾ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿ ಹುಡುಗ "ಆಂಟಿ, ನಂಬರ್ ಒಂದ ಆದ್ರೂ ಆ ಪ್ರೊಸೆಸರಿಗೆ 300 ಸೀರೀಸ್ ಬೋರ್ಡ್ ಬೇಕ್ರಿ, ನಿಮ್ಮ ಹಳೇ ಬೋರ್ಡಿಗೆ ನಡೆಯೂದಿಲ್ಲ" ಅಂದ. 36 ಸೈಜಿನ ಬ್ಲೌಸ್ ಅಂತ ತಂದಿರ್ತೀವಿ, ಮನ್ಯಾಗ ಹಾಕ್ಕೊಂಡ್ರ ತೋಳು ಏರೂದಿಲ್ಲಲ್ಲಾ, ಹಂಗ. ಎಎಂಡಿ ರೈಜನ್ ಇದ್ದವ್ರದು ಇಲ್ಲೆ ಛೊಲೊ ಅದ. 2017ರಾಗ ರೈಜನ್ ಬಂದಾಗಿನ ಎಎಂ4 ಸಾಕೆಟ್ಟಿನ ಭಾಳಷ್ಟು ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡ್ಕೊಂಡ್ರ 5000 ಸೀರೀಸಿನ್ವು ಕೂಡತಾವ. ಅಂಥವ್ರಿಗೆ ಅಪ್‌ಗ್ರೇಡ್ ಅಂದ್ರ ಖರೇನ ಬರೇ ಪ್ರೊಸೆಸರಿನ ಖರ್ಚು. ಕೊಳ್ಳೂ ಮೊದಲ ನಿಮ್ಮ ಬೋರ್ಡಿನ ಹೆಸರು ಬರ್ಕೊಂಡು, ಅದನ್ನ ಮಾಡಿದ ಕಂಪನಿಯ ಪಟ್ಟಿಯೊಳಗ ಆ ಪ್ರೊಸೆಸರ್ ಅದನೋ ಇಲ್ಲೋ ನೋಡ್ರಿ.

ಅಕ್ಕನ ಮಗ "ಮೌಶಿ, ಚೆಕ್ಕಿಂಗ್ ತಪ್ಪಿಸಿ 11 ಹಾಕಿ ಕೊಡ್ತೀನಿ" ಅಂದ. ಹಂಗ ಹಾಕಿದ್ದಕ್ಕ ಅಪ್‌ಡೇಟ್ ಬಂದ ಬರ್ತದ ಅನ್ನೂ ಖಾತ್ರಿ ಇಲ್ಲ. ಹಿಂದಿನ ಬಾಗಿಲದಿಂದ ಹೊಕ್ಕು ಬ್ಯಾಂಕಿನ ಕೆಲಸ ಮಾಡೂದು ನನಗ ಸರಿ ಬರಲಿಲ್ಲ. ಕಡೀಕ ಸಿಕ್ಕದ್ದು ಏನಂದ್ರ, ಮನಿ ಬಳಕಿಯವ್ರಿಗೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರ ತನಕ, ವಿಂಡೋಸ್ 10ಕ್ಕ ಸೆಕ್ಯುರಿಟಿ ಅಪ್‌ಡೇಟ್ ಕೊಡೂ ವ್ಯವಸ್ಥಾ ಅದ. ಇಎಸ್‌ಯು ಅಂತಾರ. ಮೈಕ್ರೋಸಾಫ್ಟ್ ಖಾತೆಯಿಂದ ಒಳಗ ಹೋಗಿ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದೆ, ರೊಕ್ಕ ಹತ್ತಲಿಲ್ಲ. ಸೆಟ್ಟಿಂಗ್ಸ್ ಒಳಗ ವಿಂಡೋಸ್ ಅಪ್‌ಡೇಟ್ ಪುಟದಾಗ ಹೆಸರು ಹಚ್ಚೂ ಜಾಗಾ ಅದ.

ಇನ್ನ ರ‍್ಯಾಮಿನ ಕಥಿ. ದೀಪಾವಳಿ ಆದ ಮ್ಯಾಲೆ ರ‍್ಯಾಮ್ ರೇಟ್ ಬಂಗಾರದ ಹಂಗ ಏರ್ಲಿಕ್ಕೆ ಹತ್ತಿತು. ಈ ಎಐ ಸಲುವಾಗಿ ಕಟ್ಟೂ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳಿಗೆ ಮೆಮರಿ ಬೇಕಾಗಿ, ಮಾಡವ್ರು ಆ ಕಡೆ ಹೊಳ್ಳ್ಯಾರ. ಮೈಕ್ರಾನ್ ಅನ್ನೂ ಕಂಪನಿ ಮಂದಿಗೆ ಬಿಡಿ ಮಾರೂ 'ಕ್ರೂಶಿಯಲ್' ಬ್ರ್ಯಾಂಡನ್ನ ಬಂದ ಮಾಡ್ತೀವಿ ಅಂತ ಡಿಸೆಂಬರದಾಗ ಹೇಳಿತು. ಮಗನ ಕೊಟೇಷನ್ನಿನ್ಯಾಗ 9,000 ಇದ್ದ ರ‍್ಯಾಮು ಎರಡು ಪಟ್ಟು ದಾಟಿ ಹೋತು. "ನಾ ಹೇಳಿದ್ದೆ ಅವ್ವಾ, ಜುಲೈದಾಗ ತಗೋಬೇಕಿತ್ತು" ಅಂದ. ರೇಟಿನ ಲೆಕ್ಕದಾಗ ಅಂವಾ ಗೆದ್ದ, ನಾ ಇಲ್ಲ ಅನ್ನೂದಿಲ್ಲ. ಆದ್ರ ಜುಲೈದಾಗ ಅಂವಾ ರ‍್ಯಾಮ್ ಏರ್ತದ ಅಂತ ಹೇಳಿರಲಿಲ್ಲ, ನಾಚಿಕಿ ಬರ್ತದ ಅಂತ ಹೇಳಿದ್ದ. ಮತ್ತ ಆ ಐದು ತಿಂಗಳು ಅವನ ಅಜ್ಜಿ ಹಳೇ ಬಚ್ಚಲದಾಗ ಹೋಗಿ ಬರಬೇಕಾಗಿತ್ತಲ್ಲಾ, ಅದನ್ನ ಯಾವ ಅಂಕಣದಾಗ ಬರೀಲಿ?

ಅಕ್ಟೋಬರಿಗೆ ನಾ ಏನು ಮಾಡಬೇಕು ಅನ್ನೂದು ಈಗ ಗಟ್ಟಿ ಮಾಡೇನಿ. ಕಡೀ ಜನರೇಷನ್ ಅಲ್ಲ. ಇಂಟೆಲ್ ಹನ್ನೆರಡನೇ ಜನರೇಷನ್ನಿನ ಐ-ಫೈವ್ 12400 ಇಲ್ಲಾ ಐ-ತ್ರೀ 12100. ವಿಂಡೋಸ್ 11 ನಡೀತದ. ಮುಖ್ಯ ಮಾತು, ಆ ಜನರೇಷನ್ನಿಗೆ ಡಿಡಿಆರ್4 ಬೋರ್ಡೂ ಬರ್ತಾವ, ನಮ್ಮ 16 ಜಿಬಿ ರ‍್ಯಾಮ್ ಹಂಗ ಎತ್ತಿ ಹಾಕಬಹುದು. ಎಸ್‌ಎಸ್‌ಡಿನೂ ಉಳೀತದ. ಖರ್ಚು ಪ್ರೊಸೆಸರ್ ಮತ್ತ ಬೋರ್ಡಿಂದು. 'ಐ-ಸೆವೆನ್ ತಗೋ, ಐ-ತ್ರೀ ಅಂದ್ರ ಕಡಿಮಿ' ಅಂತ ಇವರು ಹಟಾ ಹಿಡೀತಾರ. ನಮ್ಮ ಆರನೇ ಜನರೇಷನ್ನಿನ ಐ-ಸೆವೆನ್‌ಕಿಂತ ಹನ್ನೆರಡನೇದರ ಐ-ತ್ರೀ ಚುರುಕ ಅದ. ಮುಂದಿನ ಹೆಸರು ನೋಡಬ್ಯಾಡ್ರಿ, ಹಿಂದಿನ ನಂಬರ್ ನೋಡ್ರಿ: 6500 ಅಂದ್ರ ಆರನೇದು, 12400 ಅಂದ್ರ ಹನ್ನೆರಡನೇದು.

ನಂಬರಿನ ಹಿಂದ ಇಂಗ್ಲಿಷಿನ ಎಫ್ ಅಕ್ಷರ ಅದನೇನು ಅದನ್ನೂ ನೋಡ್ರಿ. ನನ್ನ ತಂಗಿ ಮನ್ಯಾಗ ಹಂಗ ಆತು. ಸಾವಿರ ರೂಪಾಯಿ ಚಿಲ್ಲರ ಕಡಿಮಿ ಅಂತ ಅಂಗಡ್ಯಾಂವ ಎಫ್ ಇದ್ದದ್ದು ಕೊಟ್ಟು ಕಳಿಸಿದ, ಅಕಿ ಮಗ ಮನ್ಯಾಗ ತಾನ ಜೋಡಿಸಿದ. ಫ್ಯಾನ್ ತಿರಗ್ತದ, ದೀಪಾ ಹತ್ತತದ, ಪರದೆ ಮಾತ್ರ ಕರ‍್ರಗ. ಎರಡು ದಿನ ಕೂಡಿಸಿ ಬಿಚ್ಚಿ, ಮಾನಿಟರ್ ಕೆಟ್ಟದ ಅಂತ ಬಾಜೂ ಮನಿಯಿಂದ ಇನ್ನೊಂದು ತಂದು ನೋಡಿ, ಕಡೀಕ ಗೊತ್ತಾತು. ಎಫ್ ಅಂದ್ರ ಒಳಗ ಗ್ರಾಫಿಕ್ಸ್ ಇರೂದಿಲ್ಲ. ಕಾರ್ಡ್ ಬ್ಯಾರೆ ಕೊಳ್ಳಬೇಕಾತು, ಉಳಿಸಿದ್ದರ ನಾಲ್ಕು ಪಟ್ಟು ಹೋತು. ರೈಜನ್ 5600 ಒಳಗೂ ಗ್ರಾಫಿಕ್ಸ್ ಇಲ್ಲ, ಹಿಂದ ಜಿ ಇದ್ದ 5600 ಒಳಗ ಅದ.

ಮಗ ಈಗ "ಅರ್ಧ ರೊಕ್ಕ ನಾ ಹಾಕ್ತೀನಿ, ಹೊಸಾದನ್ನ ತಗೋ" ಅಂತಾನ. ಅವನ ಮನಸ್ಸು ದೊಡ್ಡದು. ಮೊಮ್ಮಗಳ ಫೀ ತುಂಬು ಅಂತ ಹೇಳೇನಿ. ಇವರು ಇನ್ನೂ ರಾತ್ರಿ ಊಟ ಆದ ಮ್ಯಾಲೆ ಹೊಸಾ ಪ್ರೊಸೆಸರಿನ ವಿಡಿಯೋ ನೋಡ್ತಾರ, ಅದ ಹಳೇ ಆರನೇ ಜನರೇಷನ್ನಿನ ಮುಂದ ಕೂತು.

ನಿಮ್ಮ ಮನಿಯೊಳಗ ಯಾರರೆ ಹೊಸಾದು ತಗೋಳೋರಿದ್ರ, ಹಳೇ ಡಿಡಿಆರ್4 ರ‍್ಯಾಮಿನ ಪಟ್ಟಿ ರದ್ದಿಯಾಂವಗ ಹಾಕಬ್ಯಾಡ್ರಿ. ನನಗೊಂದು ಫೋನ್ ಮಾಡ್ರಿ, ವೈನಿ ತಮ್ಮಗ ಬೇಕಾಗ್ಯಾವ.