ಐದನೇ ಸುತ್ತಿನ ಪ್ರಶ್ನೆ

ನನ್ನ ನೋಟಿಸ್ ಪೀರಿಯಡ್ 90 ದಿನ. ರೆಸ್ಯೂಮೆಯಲ್ಲೇ ಬರೆದಿದ್ದೀನಿ. ಬೆಂಗಳೂರಿನ ಒಂದು ಫೈನಾನ್ಸ್ ಕಂಪನಿಯಿಂದ (ಹೆಸರು ಬೇಡ ಬಿಡಿ) ಕ್ರೆಡಿಟ್ ಅನಲಿಸ್ಟ್ ಕೆಲಸಕ್ಕೆ ಫೋನ್ ಬಂದಾಗಲೂ ಮೊದಲು ಹೇಳಿದ್ದು ಅದನ್ನೇ. "ಪರವಾಗಿಲ್ಲ" ಅಂದ್ರು ಎಚ್‌ಆರ್ ಮೇಡಂ.

ಎರಡನೇ ಸುತ್ತು ಕೇಸ್ ಸ್ಟಡಿ. ಒಂದು ಕಂಪನಿಯ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕಳಿಸಿ, ಇವರಿಗೆ ಸಾಲ ಕೊಡಬಹುದಾ, ನೋಟ್ ಬರೆಯಿರಿ ಎಂದರು. ಶನಿವಾರ, ಭಾನುವಾರ ಎರಡೂ ಎಕ್ಸೆಲ್‌ಗೇ ಹೋಯ್ತು. ಲಾಭವೇನೋ ಚೆನ್ನಾಗಿ ಕಾಣ್ತಿತ್ತು, ಆದರೆ ದುಡ್ಡೆಲ್ಲ ಗಿರಾಕಿಗಳ ಹತ್ತಿರ ಬಾಕಿ. ಡಿಎಸ್‌ಸಿಆರ್ 1ಕ್ಕಿಂತ ಕೆಳಗೆ, ಅಂದ್ರೆ ವರ್ಷದ ಗಳಿಕೆ ಅಸಲು-ಬಡ್ಡಿಗೂ ಸಾಲದು. ಕೊಡಬೇಡಿ ಎಂದು ಬರೆದೆ. ಸರಿಯೋ ತಪ್ಪೋ, ಇವತ್ತಿಗೂ ಯಾರೂ ಹೇಳಿಲ್ಲ. ಮೂರು, ನಾಲ್ಕನೇ ಸುತ್ತಲ್ಲಿ ಮತ್ತದೇ "ನಿಮ್ಮ ಬಗ್ಗೆ ಹೇಳಿ".

ಐದನೆಯದಕ್ಕೆ ರಜೆ ಹಾಕಿ ಹೋದೆ. "30 ದಿನದಲ್ಲಿ ಸೇರ್ತೀರಾ?" ಆಗಲ್ಲ ಸರ್ ಅಂದೆ. "ಹಾಗಾದ್ರೆ ಕಷ್ಟ." ಹತ್ತು ನಿಮಿಷಕ್ಕೆ ಮುಗೀತು.

ಮೊದಲು ರಿಸೈನ್ ಮಾಡಿ, ಆಮೇಲೆ ಹುಡುಕು ಅಂತಾರೆ ಫ್ರೆಂಡ್ಸ್. ತಿಂಗಳ 5ನೇ ತಾರೀಖು ಇಎಂಐ ಕಟ್ ಆಗೋ ಮನೆಯಲ್ಲಿ ಆ ಧೈರ್ಯ ಎಲ್ಲಿಂದ ತರೋದು?

ಈಗ ಕೇಸ್ ಸ್ಟಡಿ ಕಳಿಸಿದವರಿಗೆಲ್ಲ ಮೊದಲು ಒಂದು ಮೇಲ್ ಹಾಕ್ತೀನಿ: 90 ದಿನ ಒಪ್ಪಿಗೆ ಎಂದು ಬರೆದು ಕೊಡಿ. ಇಬ್ಬರು ಉತ್ತರವನ್ನೇ ಕೊಡಲಿಲ್ಲ. ಎರಡು ಭಾನುವಾರ ಉಳೀತು.